ಮೊಲೆ ಬಿಡಿಸಿದ್ದು ಯಾರು?

ಪ್ರತಿ ವರ್ಷ ಆಗಸ್ಟ್ 1ರಿಂದ 7ರವರೆಗೆ ಸ್ತನ್ಯಪಾನ ಸಪ್ತಾಹ ನಡೆಯುತ್ತದೆ. ತಾಲ್ಲೂಕು ಆಸ್ಪತ್ರೆಯ ಗೋಡೆಗೆ ಭಿತ್ತಿಪತ್ರ ಅಂಟುತ್ತದೆ, ವೇದಿಕೆಯ ಮೇಲೆ ದೀಪ ಹತ್ತುತ್ತದೆ, ಬಿಳಿ ಬಟ್ಟೆಯವರು ಭಾಷಣ ಬಿಗಿಯುತ್ತಾರೆ. ‘ತಾಯಂದಿರೇ, ಮಗು ಹುಟ್ಟಿದ ಒಂದು ಗಂಟೆಯೊಳಗೆ ಹಾಲೂಡಿಸಿ. ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಕೊಡಬೇಡಿ, ನೀರನ್ನೂ ಕೊಡಬೇಡಿ. ಆಮೇಲೆ ಮೆತ್ತಗಿನ ಊಟದ ಜೊತೆ ಎರಡು ವರ್ಷದವರೆಗಾದರೂ ಹಾಲು ಮುಂದುವರಿಸಿ.’ ಮಾತಿನಲ್ಲಿ ತಪ್ಪಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ. ಆದರೆ ಈ ಮಾತು ಕೇಳಬೇಕಾದವಳು ಆ ಹೊತ್ತಿನಲ್ಲಿ ಎಲ್ಲಿದ್ದಾಳೆ? ಆಗಸ್ಟ್ ಅಂದರೆ ಕಾವೇರಿ ನಾಲೆಯ ಬಯಲಿನಲ್ಲಿ ನಾಟಿ ಕಾಲ, ರಾಗಿ ಹೊಲದಲ್ಲಿ ಕಳೆ ಕಾಲ. ಅವಳು ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ನಿಂತು ಪೈರು ನೆಡ್ತಾ ಇದ್ದಾಳೆ. ಹಾಲು ಕಟ್ಟಿ ಎದೆ ಕಲ್ಲಾಗಿದೆ, ಸೋರಿ ರವಿಕೆ ನೆಂದಿದೆ. ಕೇರಿಯಲ್ಲಿ ಅವಳ ಮೂರು ತಿಂಗಳ ಕೂಸಿಗೆ ಮುದುಕಿ ಸಕ್ಕರೆ ನೀರು ಕುಡಿಸ್ತಾ ಇದ್ದಾಳೆ.

ಸಪ್ತಾಹ ಮುಗಿದ ಮೇಲೆ ವರದಿ ತಯಾರಾಗುತ್ತದೆ. ಎಳೆಗೂಸಿಗೆ ಮೊಲೆ ಬಿಡಿಸಲು ಕಾರಣಗಳು: ತಾಯಂದಿರ ಅಜ್ಞಾನ, ಅನಕ್ಷರತೆ, ಮೂಢನಂಬಿಕೆ. ಅಂದರೆ ತಪ್ಪೆಲ್ಲ ಅವಳದೇ! ಹೊಟ್ಟೆಗಿಲ್ಲದವಳಿಗೆ ಉಪವಾಸದ ಮೇಲೆ ಉಪದೇಶ ಬೇರೆ.

ಗೆಳೆಯರೇ, ಈ ವರದಿಯನ್ನು ನಾವು ಒಪ್ಪಬಾರದು. ಕೂಲಿ ಹೆಂಗಸಿನ ಕೂಸಿಗೆ ಮೊಲೆ ಬಿಡಿಸುವುದು ಅವಳ ಅಂಗೈಯಗಲ ನೆಲವಿಲ್ಲದ ಸ್ಥಿತಿ, ಮತ್ತು ಅವಳ ದಿನವನ್ನು ಕೊಂಡುಕೊಂಡ ಧಣಿಯ ಗಡಿಯಾರ. ಇದನ್ನು ಮುಚ್ಚಿಟ್ಟು ತಾಯಿಗೆ ಬುದ್ಧಿ ಹೇಳುವುದು ಆರೋಗ್ಯ ಶಿಕ್ಷಣವಲ್ಲ, ಶೋಷಕನಿಗೆ ಸಾಕ್ಷಿ ನುಡಿಯುವ ಕೆಲಸ.

ಮೂಢನಂಬಿಕೆ ಇಲ್ಲವೇ? ಇದೆ. ಕೇರಿಯಲ್ಲೂ ಇದೆ, ಊರೊಳಗೂ ಇದೆ. ಹೆರಿಗೆಯಾದ ಮೊದಲ ದಿನಗಳ ಹಳದಿ ಹಾಲನ್ನು ಕೆಟ್ಟ ಹಾಲು ಅಂತ ಹಿಂಡಿ ಚೆಲ್ಲಿಸುತ್ತಾರೆ. ಕೂಸಿನ ನಾಲಿಗೆಗೆ ಜೇನುತುಪ್ಪ, ಬೆಲ್ಲದ ನೀರು, ಹರಳೆಣ್ಣೆ ಸವರುತ್ತಾರೆ. ಹಸು ಈದರೆ ಗಿಣ್ಣು ಮಾಡಿ ಚಪ್ಪರಿಸಿ ತಿನ್ನುವ ಜನ ಹೆತ್ತವಳ ಗಿಣ್ಣನ್ನು ಮಾತ್ರ ಮಣ್ಣಿಗೆ ಚೆಲ್ಲುತ್ತಾರೆ! ರೋಗದ ವಿರುದ್ಧ ಕೂಸಿಗೆ ಮೊದಲ ಕಾವಲು ಇರುವುದು ಆ ಹಾಲಿನಲ್ಲೇ. ಇದನ್ನು ಮನೆಮನೆಗೆ ಹೋಗಿ ಹೇಳಬೇಕು, ಜಗಳವಾಡಿಯಾದರೂ ನಿಲ್ಲಿಸಬೇಕು. ಆದರೆ ಈ ನಂಬಿಕೆಯ ಆಟ ಮೂರು ನಾಲ್ಕು ದಿನದ್ದು. ಮಿಕ್ಕ ಆರು ತಿಂಗಳು ತಾಯಿಗೂ ಕೂಸಿಗೂ ನಡುವೆ ಅಡ್ಡ ನಿಂತವರು ಯಾರು?

ಆ ಮೊದಲ ದಿನಗಳೂ ಈಗ ಅಜ್ಜಿಯ ಕೈಯಲ್ಲಿ ಉಳಿದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ ಶೇಕಡ 88.6 ಹೆರಿಗೆ ಆಸ್ಪತ್ರೆಗಳಲ್ಲೇ ಆಗಿವೆ. ಆದರೆ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು ಶೇಕಡ 41.8 ಮಕ್ಕಳಿಗೆ. ಡಾಕ್ಟರು, ನರ್ಸು, ಭಿತ್ತಿಪತ್ರ ಎಲ್ಲ ಇರುವ ಜಾಗದಲ್ಲೇ ಅರ್ಧಕ್ಕಿಂತ ಹೆಚ್ಚು ಕೂಸುಗಳಿಗೆ ಮೊದಲ ಗಂಟೆಯ ಹಾಲು ತಪ್ಪಿತಲ್ಲ, ಅದಕ್ಕೂ ನಮ್ಮ ಅಜ್ಜಿಯ ಅಜ್ಞಾನವೇ ಕಾರಣವೋ? ಕೊಯ್ದು ಹೆರಿಗೆ ಮಾಡಿಸಿ, ತಾಯಿಯನ್ನು ಒಂದು ಕಡೆ ಕೂಸನ್ನು ಒಂದು ಕಡೆ ಮಲಗಿಸಿ, ಹಾಲು ಬರೋತನಕ ಡಬ್ಬದ ಪುಡಿ ತನ್ನಿ ಅಂತ ಚೀಟಿ ಬರೆದುಕೊಟ್ಟ ವಿದ್ಯಾವಂತನ ಹೆಸರು ಯಾವ ವರದಿಯಲ್ಲೂ ಬರುವುದಿಲ್ಲ.

ಈಗ ಕೂಲಿಯ ಲೆಕ್ಕಕ್ಕೆ ಬರೋಣ. ಎಳೆಗೂಸು ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತದೆ. ಕೂಲಿಯವಳು ಬೆಳಿಗ್ಗೆ ಲಗೇಜ್ ಆಟೋ ಹತ್ತಿ ಹೋದರೆ ತಿರುಗಿ ಬರೋದು ಹೊತ್ತು ಮುಳುಗುವಾಗ. ಹತ್ತು ಗಂಟೆ ಅಂತಿಟ್ಟುಕೊಳ್ಳಿ. ನಾಲ್ಕೈದು ಸಲದ ಹಾಲು ಹೋಯಿತು. ಹೋದದ್ದು ಆ ಹೊತ್ತಿನ ಹಾಲು ಮಾತ್ರವಲ್ಲ. ಕೂಸು ಚೀಪಿದಷ್ಟೂ ಹಾಲು ಊರುತ್ತದೆ, ಚೀಪದೆ ಎದೆ ತುಂಬಿ ನಿಂತರೆ ಊರುವುದು ಕಮ್ಮಿಯಾಗುತ್ತದೆ. ಇದು ಮೈಯ ನಿಯಮ. ಇಂಥ ಎರಡು ವಾರ ಕಳೆದ ಮೇಲೆ ಅವಳು ‘ನಂಗೆ ಹಾಲೇ ಬರಾಕಿಲ್ಲ ಕಣವ್ವಾ’ ಅಂತಾಳೆ. ಅವಳು ಸುಳ್ಳು ಹೇಳುತ್ತಿಲ್ಲ. ಆದರೆ ಆ ಹಾಲು ತಾನಾಗಿ ಬತ್ತಲಿಲ್ಲ, ಬತ್ತಿಸಲಾಯಿತು.

ಈ ನಿಯಮ ಭೂಮಾಲೀಕನಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಅವನ ಕೊಟ್ಟಿಗೆಗೆ ಹೋಗಿ ನೋಡಿ. ಮೊದಲು ಕರು ಬಿಡುತ್ತಾನೆ. ಕರು ಗುದ್ದಿ ಚೀಪದಿದ್ದರೆ ಹಸು ಸೊರೆ ಬಿಡುವುದಿಲ್ಲ ಅಂತ ಅವನಿಗೆ ಯಾರೂ ಸಪ್ತಾಹ ಮಾಡಿ ಹೇಳಿಕೊಡಬೇಕಾಗಿಲ್ಲ. ಈದ ಹಸುವಿಗೆ ನೆರಳು, ಹಿಂಡಿ, ಬೂಸ. ಗದ್ದೆಗೆ ಬಂದ ಬಾಣಂತಿಯ ಕೂಸಿಗೆ ಮಾತ್ರ ಅವನ ಜಗಲಿಯ ಮೇಲೆ ಜಾಗವಿಲ್ಲ. ಯಾಕೆಂದರೆ ಅದು ಕೇರಿಯ ಕೂಸು, ಜಗಲಿ ಮೈಲಿಗೆಯಾಗುತ್ತದೆ! ಬದುವಿನ ಹೊಂಗೆ ಮರಕ್ಕೆ ಸೀರೆಯ ಜೋಲಿ ಕಟ್ಟಿದರೆ ‘ದುಡಿಯಾಕ್ ಬಂದ್ಯೋ ಹಾಲು ಕುಡಿಸಾಕ್ ಬಂದ್ಯೋ’ ಅನ್ನುವ ಮಾತು. ಕರುವಿಗೆ ಇರುವ ಹಕ್ಕು ನಮ್ಮ ಕೂಸಿಗಿಲ್ಲ.

ನಾವು ಐದು ಜನ ಮಕ್ಕಳು. ಯಾರಿಗೆ ಎಷ್ಟು ದಿನ ಹಾಲು ಕೊಟ್ಟೆ ಅಂತ ನಮ್ಮವ್ವನನ್ನು ಕೇಳಿದರೆ ಅವಳು ತಿಂಗಳಲ್ಲಿ ಹೇಳುವುದಿಲ್ಲ, ಬೆಳೆಯಲ್ಲಿ ಹೇಳುತ್ತಾಳೆ. ‘ದೊಡ್ಡೋನಿಗೆ ಕಟಾವು ಬರೋಗಂಟ. ನಿಂಗೆ ನಾಟಿ ಬರೋಗಂಟ. ಕಿರಿಯವಳು ಪುಣ್ಯವಂತೆ, ಆ ವರ್ಸ ಮಳೆ ಹೋಗಿತ್ತು, ಕೆಲ್ಸ ಇರ್ನಿಲ್ಲ, ಒಂದು ವರ್ಸ ಕುಡುದ್ಲು.’ ಬರ ಬಂದದ್ದಕ್ಕೆ ಒಂದು ಕೂಸಿಗೆ ಪೂರ್ತಿ ಹಾಲು ಸಿಕ್ಕಿತು! ತಾಯಿಯ ಹೊಟ್ಟೆ ಉರಿದರೆ ಕೂಸಿನ ಹೊಟ್ಟೆ ತುಂಬಬೇಕು, ಇಲ್ಲ ಕೂಸಿನ ಹೊಟ್ಟೆ ಉರಿದರೆ ಮನೆಯವರ ಹೊಟ್ಟೆ ತುಂಬಬೇಕು. ಎರಡರಲ್ಲಿ ಒಂದನ್ನು ಆರಿಸಿಕೋ ಅನ್ನುವ ವ್ಯವಸ್ಥೆ, ಅವಳು ಒಂದನ್ನು ಆರಿಸಿಕೊಂಡ ಮೇಲೆ ಅವಳನ್ನೇ ಅಜ್ಞಾನಿ ಅನ್ನುತ್ತದೆ.

ಹಾಲು ಬಿಟ್ಟ ಕೂಸಿನ ಪಾಡೇನು? ಅರ್ಧಕ್ಕರ್ಧ ನೀರು ಬೆರೆಸಿದ ಹಸುವಿನ ಹಾಲು, ತೆಳ್ಳಗಿನ ಗಂಜಿ, ಸಕ್ಕರೆ ನೀರು. ರಾಗಿ ಸರಿ ಒಳ್ಳೆಯ ಊಟ, ಆದರೆ ಅದು ಆರು ತಿಂಗಳು ತುಂಬಿದ ಮೇಲೆ. ಮೂರು ತಿಂಗಳ ಕರುಳಿಗಲ್ಲ. ಎದೆಹಾಲಿನಲ್ಲಿ ನೂರಕ್ಕೆ ಎಂಬತ್ತೇಳು ಭಾಗಕ್ಕೂ ಹೆಚ್ಚು ನೀರೇ ಇದೆ, ಬೇಸಿಗೆಯಲ್ಲೂ ಕೂಸಿಗೆ ಬೇರೆ ನೀರು ಬೇಡ. ಆ ಶುದ್ಧ ನೀರನ್ನು ಕಿತ್ತುಕೊಂಡು ಕೇರಿಯ ಚರಂಡಿ ಪಕ್ಕದ ನಲ್ಲಿ ನೀರು ಕುಡಿಸಿದರೆ ಭೇದಿ ಹತ್ತದೆ ಇನ್ನೇನಾಗುತ್ತದೆ? ಭೇದಿಯಾದ ಕೂಸು ಸೊರಗುತ್ತದೆ, ಸೊರಗಿದ ಕೂಸಿಗೆ ಮತ್ತೆ ಭೇದಿ. ಬೆಳೆದು ಶಾಲೆಗೆ ಬಂದಾಗ ಮೇಷ್ಟ್ರು ‘ದಡ್ಡ’ ಅಂತಾರೆ.

ಇನ್ನು ಡಬ್ಬದ ವ್ಯಾಪಾರಿಗಳು. ಬಡ ದೇಶಗಳ ತಾಯಂದಿರಿಗೆ ಹಾಲಿನ ಪುಡಿ ಮಾರಿ ಕೂಸುಗಳನ್ನು ಕೊಂದ ಕತೆಯನ್ನು 1974ರಲ್ಲಿ ಬ್ರಿಟನ್ನಿನ ‘ವಾರ್ ಆನ್ ವಾಂಟ್’ ಸಂಘಟನೆ ಕಿರುಪುಸ್ತಕ ಮಾಡಿ ಹೊರಗೆ ತಂದಿತು. 1977ರಲ್ಲಿ ಅಮೆರಿಕದಲ್ಲಿ ನೆಸ್ಲೆ ಬಹಿಷ್ಕಾರ ಶುರುವಾಯಿತು. 1981ರಲ್ಲಿ ವಿಶ್ವ ಆರೋಗ್ಯ ಸಭೆ ಈ ವ್ಯಾಪಾರಕ್ಕೆ ಮೂಗುದಾರ ಹಾಕುವ ಸಂಹಿತೆ ತಂದಾಗ ಪರವಾಗಿ 118 ಮತ ಬಿದ್ದವು. ವಿರುದ್ಧ ಬಿದ್ದ ಒಂದೇ ಒಂದು ಮತ ಅಮೆರಿಕ ಸರ್ಕಾರದ್ದು! ನಮ್ಮ ದೇಶ 1992ರಲ್ಲಿ ಕಾನೂನು ಮಾಡಿ ಶಿಶು ಹಾಲಿನ ಡಬ್ಬ ಮತ್ತು ಬಾಟಲಿಗಳ ಜಾಹೀರಾತನ್ನು ನಿಷೇಧಿಸಿತು, 2003ರಲ್ಲಿ ಅದನ್ನು ಬಿಗಿ ಮಾಡಿತು. ಆದರೂ 2024ರಲ್ಲಿ ಸ್ವಿಟ್ಜರ್ಲೆಂಡಿನ ‘ಪಬ್ಲಿಕ್ ಐ’ ಸಂಸ್ಥೆ ಪರೀಕ್ಷೆ ಮಾಡಿಸಿದಾಗ, ನೆಸ್ಲೆ ಕಂಪನಿ ನಮ್ಮ ದೇಶದಲ್ಲಿ ಮಾರುತ್ತಿದ್ದ ಸೆರೆಲ್ಯಾಕ್‌ನಲ್ಲಿ ಸಕ್ಕರೆ ಬೆರೆಸಿತ್ತು, ಯುರೋಪಿನಲ್ಲಿ ಮಾರುತ್ತಿದ್ದರಲ್ಲಿ ಬೆರೆಸಿರಲಿಲ್ಲ. ಬಿಳಿಯರ ಕೂಸಿಗೊಂದು ನ್ಯಾಯ, ನಮ್ಮ ಕೂಸಿಗೊಂದು ನ್ಯಾಯ. ಜಾತಿ ಅಂದರೆ ಇದೇ ಅಲ್ಲವೇ!

ನಮ್ಮ ಕವಿಗಳಿಗೂ ಒಂದು ಮಾತು. ತಾಯಿಯ ಹಾಲನ್ನು ಅಮೃತ ಅಂತ ಹಾಡಿ ಹಾಡಿ ಕನ್ನಡ ಕಾವ್ಯ ದಣಿದಿದೆ. ಅದೇ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 57ರಷ್ಟು ಮಂದಿಗೆ ರಕ್ತಹೀನತೆ. ಬಡಕಲಾದ ತಾಯಿಯ ಎದೆಯಲ್ಲೂ ಕೂಸಿಗೆ ಸಾಲುವಷ್ಟು ಒಳ್ಳೆಯ ಹಾಲು ಊರುತ್ತದೆ. ಆದರೆ ಅದು ಊರುವುದು ಅವಳದೇ ಮೈಯನ್ನು ಸವೆಸಿ. ಅಮೃತ ಅನ್ನುವ ಮೊದಲು ಅವಳು ಮಧ್ಯಾಹ್ನ ಉಂಡಳೋ ಇಲ್ಲವೋ ಕೇಳಿ.

ಸರ್ಕಾರ ಏನೂ ಕೊಟ್ಟಿಲ್ಲವೇ ಅಂತೀರಿ. ಕೊಟ್ಟಿದೆ, ಯಾರಿಗೆ ಅಂತ ನೋಡಿ. ಕೇಂದ್ರ ಸರ್ಕಾರದ ನೌಕರಳಿಗೆ 2008ರಿಂದ 180 ದಿನ ಸಂಬಳ ಸಹಿತ ರಜೆ. ಸರಿಯಾಗೇ ಇದೆ, ಅದರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ರಜೆಯನ್ನು 2017ರಲ್ಲಿ 26 ವಾರಕ್ಕೆ ಏರಿಸಿದರು, 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೂ ಅದನ್ನು ಸೇರಿಸಿದರು. ಆದರೆ ಆ ರಜೆ ಸಿಗಬೇಕಾದರೆ ಹಿಂದಿನ ಹನ್ನೆರಡು ತಿಂಗಳಲ್ಲಿ ಒಬ್ಬ ಮಾಲೀಕನ ಕೈಕೆಳಗೆ 80 ದಿನ ದುಡಿದಿರಬೇಕು. ಸೋಮವಾರ ಒಬ್ಬನ ಗದ್ದೆ, ಮಂಗಳವಾರ ಇನ್ನೊಬ್ಬನ ತೋಟ, ಬುಧವಾರ ಕೆಲಸವೇ ಇಲ್ಲ ಅನ್ನುವವಳಿಗೆ ಮಾಲೀಕ ಯಾರು? ದುಡಿಸಿಕೊಳ್ಳುವಾಗ ಹತ್ತು ಜನ ಧಣಿಗಳು, ಹೆತ್ತಾಗ ಒಬ್ಬನೂ ಇಲ್ಲ.

2013ರ ಆಹಾರ ಭದ್ರತಾ ಕಾಯ್ದೆ ಬಸುರಿ ಬಾಣಂತಿಯರಿಗೆ ಕನಿಷ್ಠ 6,000 ರೂಪಾಯಿ ಕೊಡಬೇಕು ಅಂತ ಬರೆಯಿತು. 2017ರಲ್ಲಿ ಯೋಜನೆ ಬಂದಾಗ ಅದು 5,000 ರೂಪಾಯಿ ಆಯಿತು, ಅದೂ ಮೊದಲ ಕೂಸಿಗೆ ಮಾತ್ರ. 2022ರಲ್ಲಿ ಎರಡನೆಯದು ಹೆಣ್ಣಾದರೆ 6,000 ಅಂದರು. ಐದು ಸಾವಿರವನ್ನು ಆರು ತಿಂಗಳಿಗೆ ಹಂಚಿ ನೋಡಿ, ದಿನಕ್ಕೆ 28 ರೂಪಾಯಿಯೂ ಇಲ್ಲ. ಈ ದುಡ್ಡಿನಲ್ಲಿ ಮನೆಯಲ್ಲಿ ಕೂತು ಹಾಲೂಡಿಸು ಅಂತ ಹೇಳುವವನು ತಾನು ಒಂದು ದಿನ ಬದುಕಿ ತೋರಿಸಲಿ. ನಮ್ಮ ರಾಜ್ಯದಲ್ಲಿ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ಶುರುವಾಯಿತು, ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಬಿಸಿಯೂಟ. ಒಳ್ಳೆಯದೇ. ಆದರೆ ಮಧ್ಯಾಹ್ನದ ಊಟ ಅಂಗನವಾಡಿಯಲ್ಲಿ, ತಾಯಿ ಗದ್ದೆಯಲ್ಲಿ.

ಕಾರ್ಖಾನೆಯ ಕತೆ ಬೇರೆಯಲ್ಲ. ಐವತ್ತು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ಕೂಸಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು ಕೊಡಬೇಕು ಅಂತ ಕಾನೂನಿದೆ. ರಾಮನಗರ, ಕನಕಪುರದ ಹಳ್ಳಿಗಳಿಂದ ಬೆಳಕು ಹರಿಯುವ ಮುಂಚೆ ವ್ಯಾನು ಹತ್ತುವ ಗಾರ್ಮೆಂಟ್ಸ್ ಹೆಣ್ಣುಮಗಳು ಆ ನೂಕುನುಗ್ಗಲಿನಲ್ಲಿ ಎಳೆಗೂಸನ್ನು ಹೇಗೆ ತರುತ್ತಾಳೆ? ತಂದರೂ ಗಂಟೆಗಿಷ್ಟು ಪೀಸು ಅನ್ನುವ ಟಾರ್ಗೆಟ್ಟು ಬಿಡುವನ್ನು ನುಂಗಿಬಿಡುತ್ತದೆ.

ಈ ಜಗಳ ಹೊಸದಲ್ಲ. 1920ರ ದಶಕದಲ್ಲಿ ಮುಂಬಯಿ ಗಿರಣಿಯ ಹೆಂಗಸರು ಕೂಸು ಅಳದೆ ಬಿದ್ದಿರಲಿ ಅಂತ ಅಫೀಮಿನ ಗುಳಿಗೆ ತಿನ್ನಿಸಿ ಕೆಲಸಕ್ಕೆ ಹೋಗುತ್ತಿದ್ದರು. 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಅದರ ಪರವಾಗಿ ಎದ್ದು ನಿಂತವರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಒಬ್ಬರು. ಹೆತ್ತವಳಿಗೆ ವಿಶ್ರಾಂತಿ ಕೊಡುವುದು ದೇಶದ ಹಿತ, ಅದರ ಹೊರೆಯನ್ನು ಸರ್ಕಾರ ಹೊರಬೇಕು, ಅವಳ ದುಡಿಮೆಯ ಲಾಭ ಉಂಡವನೂ ಹೊರಬೇಕು ಅನ್ನುವುದು ಅವರ ವಾದ. 1943ರಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ಗಣಿ ಹೆಂಗಸರ ಹೆರಿಗೆ ಸೌಲಭ್ಯದ ತಿದ್ದುಪಡಿ ತಂದವರೂ ಅವರೇ. ಅವರ ಪಟ ಹೊತ್ತು ಮೆರವಣಿಗೆ ಹೋಗುವ ನಾವು ಈ ಅಂಬೇಡ್ಕರ್ ಅವರನ್ನು ಎಷ್ಟು ಓದಿದ್ದೇವೆ?

ನಮ್ಮ ಸಂಘಟನೆಗಳಿಗೇ ಈ ಪ್ರಶ್ನೆ. ಭೂಮಿ ಕೇಳಿದೆವು, ಬಾವಿ ಕೇಳಿದೆವು, ದೇವಸ್ಥಾನದ ಬಾಗಿಲು ಬಡಿದೆವು. ಬದುವಿನ ಮೇಲಿನ ಜೋಲಿ ನಮ್ಮ ಬೇಡಿಕೆ ಪಟ್ಟಿಯಲ್ಲಿ ಯಾಕೆ ಬರಲಿಲ್ಲ? ಅದು ‘ಹೆಂಗಸರ ವಿಷಯ’ ಅಂತಲೇ? ಸಭೆಯಲ್ಲಿ ಸಮಾನತೆ ಮಾತಾಡಿ ಬಂದ ಗಂಡಸು, ಕೂಲಿಯಿಂದ ಬಂದ ಹೆಂಡತಿ ಕೂಸಿಗೆ ಹಾಲೂಡಿಸುವ ಅರ್ಧ ಗಂಟೆ ಒಲೆ ಉರಿಸಿದರೆ ಅವನ ಕ್ರಾಂತಿ ಕೆಟ್ಟುಹೋಗುತ್ತದೆಯೇ?

ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಹಾಜರಿ ಪುಸ್ತಕ ತೆಗೆದು ನೋಡಿ. ನಾಟಿಯಲ್ಲಿ, ಕಳೆಯಲ್ಲಿ, ಕಟಾವಿನಲ್ಲಿ ಯಾವ ಹೆಣ್ಣುಮಕ್ಕಳ ಹೆಸರಿನ ಮುಂದೆ ಸಾಲಾಗಿ ಗೈರು ಬಿದ್ದಿದೆ? ನಾಲ್ಕನೇ ಕ್ಲಾಸಿನ ಆ ಹುಡುಗಿ ಆಟಕ್ಕೆ ಹೋಗಿಲ್ಲ. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬಿಸಿಲಲ್ಲಿ ಗದ್ದೆಗೆ ನಡೆದಿದ್ದಾಳೆ, ಅವ್ವ ಉಣ್ಣೋ ಹೊತ್ತಿಗೆ ಒಂದು ಸಲವಾದರೂ ಹಾಲು ಸಿಗಲಿ ಅಂತ. ಕೂಸಿನ ಹಾಲು ಕಿತ್ತುಕೊಂಡ ಕೈಯೇ ಇವಳ ಪಾಟಿಯನ್ನೂ ಕಿತ್ತುಕೊಂಡಿದೆ. ಆ ಗೈರುಗಳನ್ನು ಎಣಿಸಿ ಬರೆದಿಡಿ, ಗ್ರಾಮಸಭೆಯಲ್ಲಿ ಓದಿ. ಯಾವ ಸಮೀಕ್ಷೆಗಿಂತಲೂ ಅದು ದೊಡ್ಡ ಸಾಕ್ಷಿ.

ನಮ್ಮ ಬೇಡಿಕೆ ಸರಳವಾಗಿದೆ. ಮಾಲೀಕ ಯಾರು ಅಂತ ಕೇಳದೆ ಪ್ರತಿ ಕೂಲಿ ತಾಯಿಗೆ, ಪ್ರತಿ ಹೆರಿಗೆಗೆ, ಆರು ತಿಂಗಳ ಕನಿಷ್ಠ ಕೂಲಿಯನ್ನು ಸರ್ಕಾರ ಕೊಡಬೇಕು. ಕೇರಿಯಲ್ಲೇ ಕೂಸಿನ ಮನೆ ಬೇಕು, ಅದನ್ನು ನೋಡಿಕೊಳ್ಳುವ ಹೆಂಗಸಿಗೆ ಸರಿಯಾದ ಸಂಬಳ ಬೇಕು. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲೇ, ಕೆಲಸದ ಜಾಗದಲ್ಲಿ ಐದು ಎಳೆಯ ಮಕ್ಕಳಿದ್ದರೆ ಕೂಲಿ ಕೊಟ್ಟು ಒಬ್ಬ ಹೆಂಗಸನ್ನು ನೋಡಿಕೊಳ್ಳಲು ಇಡಬೇಕು ಅಂತ ಬರೆದಿತ್ತು. 2023ರಲ್ಲಿ ರಾಜ್ಯ ಸರ್ಕಾರ 4,000 ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಘೋಷಿಸಿತು. ಅಂದರೆ ಇದು ಆಗದ ಮಾತಲ್ಲ. ನಿಮ್ಮ ಪಂಚಾಯಿತಿಯ ಕೂಸಿನ ಮನೆ ಎಲ್ಲಿದೆ, ಬಾಗಿಲು ತೆರೆದಿದೆಯೋ ಬೀಗ ಬಿದ್ದಿದೆಯೋ, ನಾಳೆಯೇ ಹೋಗಿ ನೋಡಿ. ಧಣಿಯ ಗದ್ದೆಯಲ್ಲಿ ಹಾಲೂಡಿಸುವ ಹೊತ್ತಿಗೆ ಕೂಲಿ ಮುರಿಯಬಾರದು. ಹೆಣ್ಣಾಳುಗಳೆಲ್ಲ ಸೇರಿ ನಾಟಿಯ ದಿನ ಬದುವಿನ ಮೇಲೆ ಕೂತು ಇದನ್ನು ಹೇಳಿದರೆ ಯಾವ ಧಣಿಯೂ ಒಪ್ಪದೆ ವಿಧಿಯಿಲ್ಲ, ಪೈರು ಕಾಯುವುದಿಲ್ಲ.

ಮುಂದಿನ ಆಗಸ್ಟಿನಲ್ಲಿ ಮತ್ತೆ ದೀಪ ಹಚ್ಚುತ್ತಾರೆ. ವೇದಿಕೆಯ ಮುಂದೆ ಕೂತು ಕೈ ಎತ್ತಿ ಕೇಳಿ: ‘ಸ್ವಾಮಿ, ಆರು ತಿಂಗಳು ಹಾಲೂಡಿಸ್ತೀವಿ. ಆರು ತಿಂಗಳ ಕೂಲಿ ಯಾರು ಕೊಡ್ತೀರಿ?’