ಯಂತ್ರದ ಕಣ್ಣು ಮತ್ತು ತೀರ್ಪುಗಾರನ ಸೀಟಿ

ನಮ್ಮ ಶಾಲೆಯ ಆಟದ ಮೈದಾನದ ನಾಲ್ಕು ದಿಕ್ಕಿಗೂ ಕ್ಯಾಮೆರಾಗಳನ್ನು ಅಳವಡಿಸಿಕೊಡುವುದಾಗಿ ಹಿರಿಯ ವಿದ್ಯಾರ್ಥಿಯೊಬ್ಬರು ಉದಾರ ಮನಸ್ಸಿನಿಂದ ಮುಂದೆ ಬಂದಿರುವ ಸಂಗತಿ ಈ ಸಂಚಿಕೆಯ ಓದುಗರಲ್ಲಿ ಹಲವರಿಗೆ ತಿಳಿದೇ ಇದೆ. ಕಳೆದ ವರ್ಷದ ಕಬಡ್ಡಿ ಪಂದ್ಯವೊಂದರಲ್ಲಿ ನಡೆದ ಗೊಂದಲವೇ ಅವರ ಈ ಸಂಕಲ್ಪಕ್ಕೆ ಕಾರಣ. ಆ ದಿನ ಸೀಟಿ ಇದ್ದುದು ನನ್ನ ಕೈಯಲ್ಲಿ. ಆದುದರಿಂದ ಈ ವಿಷಯವಾಗಿ ನಾಲ್ಕು ಮಾತು ಬರೆಯುವ ಹಕ್ಕಿಗಿಂತಲೂ ಹೆಚ್ಚಾಗಿ ಋಣವೊಂದು ನನ್ನ ಮೇಲಿದೆಯೆಂದು ಭಾವಿಸಿದ್ದೇನೆ.

ನಡೆದದ್ದು ಇಷ್ಟು. ಸಂಜೆಯ ಹೊತ್ತು, ಬಿಳಿಗಿರಿರಂಗನ ಬೆಟ್ಟದ ನೆರಳು ಮೈದಾನದವರೆಗೂ ಚಾಚಿಕೊಂಡಂತೆ ತೋರುತ್ತಿತ್ತು. ಎರಡೂ ಶಾಲೆಗಳ ಅಂಕಗಳು ಸಮವಾಗಿದ್ದು ಕೊನೆಯ ದಾಳಿ ನಡೆದಿತ್ತು. ನಮ್ಮ ಹುಡುಗನನ್ನು ಎದುರಾಳಿಗಳು ಸೊಂಟ ಹಿಡಿದು ಕೆಡವಿದರು. ಅವನು ಬಿದ್ದಲ್ಲಿಂದಲೇ ಕೈಚಾಚಿ ಮಧ್ಯರೇಖೆಯನ್ನು ಮುಟ್ಟಲೆತ್ನಿಸಿದ. ಮುಟ್ಟಲಿಲ್ಲವೆಂದು ನನಗೆ ಕಂಡಿತು, ಔಟ್ ಎಂದೆ. ಕೂಡಲೇ ಪೋಷಕರೊಬ್ಬರು ತಮ್ಮ ಮೊಬೈಲನ್ನು ಹಿಡಿದು ಅಂಕಣದೊಳಕ್ಕೇ ನುಗ್ಗಿದರು. ಅದರಲ್ಲಿ ಹುಡುಗನ ಬೆರಳು ಸುಣ್ಣದ ಗೆರೆಯ ಮೇಲಿತ್ತು. ಸುತ್ತ ನೆರೆದವರ ಒತ್ತಾಯಕ್ಕೋ, ನನ್ನದೇ ಅಳುಕಿಗೋ, ತೀರ್ಪನ್ನು ಬದಲಿಸಿದೆ. ಐದು ನಿಮಿಷ ಕಳೆಯುವಷ್ಟರಲ್ಲಿ ಎದುರು ಬದಿಯಿಂದ ಇನ್ನೊಂದು ಮೊಬೈಲು ಬಂದಿತು. ಅದರಲ್ಲಿ ಬೆರಳಿಗೂ ಗೆರೆಗೂ ನಡುವೆ ಒಂದು ಅಂಗುಲ ಮಣ್ಣು ಸ್ಪಷ್ಟವಾಗಿ ಕಾಣುತ್ತಿತ್ತು. ಎರಡನ್ನೂ ನಾನು ಹತ್ತು ಸಲ ನೋಡಿದ್ದೇನೆ. ಇವುಗಳಲ್ಲಿ ಯಾವುದು ದಿಟವೆಂದು ಇಂದಿಗೂ ಹೇಳಲಾರೆ. ಎದುರಾಳಿ ಶಾಲೆಯ ಮಕ್ಕಳು ಅಳುತ್ತ ಬಸ್ಸು ಹತ್ತಿದರು. ಗೆದ್ದ ನಮ್ಮ ಮಕ್ಕಳೂ ನಗಲಿಲ್ಲ.

ಎರಡು ಮೊಬೈಲಿನ ಬದಲು ನಾಲ್ಕು ಒಳ್ಳೆಯ ಕ್ಯಾಮೆರಾಗಳಿದ್ದರೆ ಈ ಕಷ್ಟ ಬರುತ್ತಿರಲಿಲ್ಲವೆಂಬುದು ದಾನಿಗಳ ವಾದ. ಮೇಲುನೋಟಕ್ಕೆ ಇದು ಒಪ್ಪತಕ್ಕದ್ದೇ. ಆದರೆ ನಾಲ್ಕಲ್ಲ, ಹತ್ತಾರು ಕ್ಯಾಮೆರಾಗಳನ್ನು ಇಟ್ಟುಕೊಂಡವರ ಅನುಭವವೇನೆಂಬುದನ್ನು ಸ್ವಲ್ಪ ವಿಚಾರಿಸಬೇಕು.

ರಗ್ಬಿಯೆಂಬ ಆಟ ನಮ್ಮ ಸೀಮೆಗೆ ಅಪರಿಚಿತ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡಿ, ಎದುರಾಳಿಗಳ ಅಂತಿಮ ಗೆರೆಯಾಚೆ ಅದನ್ನು ನೆಲಕ್ಕೆ ಒತ್ತಿದರೆ ಅದು 'ಟ್ರೈ'. ಅದಕ್ಕೆ ಐದು ಅಂಕ. ಓಡುವವನ ಮೇಲೆ ಏಳೆಂಟು ಮಂದಿ ಬೀಳುವುದರಿಂದ ಆ ದೇಹಗಳ ರಾಶಿಯ ಕೆಳಗೆ ಚೆಂಡು ನೆಲ ಮುಟ್ಟಿತೋ ಇಲ್ಲವೋ ಎಂಬುದು ಎಷ್ಟೋ ವೇಳೆ ಯಾರಿಗೂ ಕಾಣುವುದಿಲ್ಲ. ನಮ್ಮ ಕಬಡ್ಡಿಯ ಮಧ್ಯರೇಖೆಯ ಕಥೆಯೇ ಅಲ್ಲವೇ ಇದು! ಅಲ್ಲಿ ಮೈದಾನದ ಹೊರಗೆ ದೃಶ್ಯಪರದೆಗಳ ಮುಂದೆ ಕುಳಿತ ಇನ್ನೊಬ್ಬ ಅಧಿಕಾರಿಯನ್ನು ರೆಫರಿಯು ಪ್ರಶ್ನಿಸುತ್ತಾನೆ. ಸ್ವಾರಸ್ಯವಿರುವುದು ಈ ಪ್ರಶ್ನೆಯಲ್ಲಿ. ಹಿಂದೆ ಎರಡು ಬಗೆಯ ಪ್ರಶ್ನೆಗಳು ರೂಢಿಯಲ್ಲಿದ್ದವು. 'ಟ್ರೈ ಆಯಿತೇ, ಇಲ್ಲವೇ?' ಎಂಬುದು ಒಂದು. 'ಟ್ರೈ ಕೊಡದಿರಲು ಕಾರಣವೇನಾದರೂ ಉಂಟೇ?' ಎಂಬುದು ಇನ್ನೊಂದು. ಚೆಂಡು ಕಾಣದಿದ್ದಾಗ ಮೊದಲನೆಯ ಪ್ರಶ್ನೆಗೆ ಉತ್ತರ 'ಇಲ್ಲ' ಎಂದಾಗುತ್ತದೆ. ನೆಲ ಮುಟ್ಟಿದ್ದಕ್ಕೆ ಸಾಕ್ಷಿಯಿಲ್ಲವಷ್ಟೆ. ಅದೇ ಚಿತ್ರಕ್ಕೆ ಎರಡನೆಯ ಪ್ರಶ್ನೆ ಹಾಕಿದರೆ ಐದು ಅಂಕ ದೊರೆಯುತ್ತದೆ, ತಡೆಯಲೂ ಸಾಕ್ಷಿಯಿಲ್ಲವಷ್ಟೆ! ಈಚೆಗೆ ರೆಫರಿಯು ತನ್ನ ತೀರ್ಪನ್ನು ಮೊದಲು ಹೇಳಿ, ಸ್ಪಷ್ಟ ಸಾಕ್ಷಿ ದೊರೆತರೆ ಮಾತ್ರ ಬದಲಿಸುವ ಪದ್ಧತಿ ಬಂದಿದೆ. ಅಂದರೆ ಇಷ್ಟೆಲ್ಲ ಯಂತ್ರಗಳ ಬಳಿಕವೂ ಸೀಟಿ ಹಿಡಿದವನ ಮೊದಲ ನೋಟಕ್ಕೇ ಅವರು ಮರಳಿ ಬಂದಿದ್ದಾರೆ.

ಎಷ್ಟು ಹಿಂದಕ್ಕೆ ನೋಡಬೇಕೆಂಬುದೂ ಅಲ್ಲಿ ಇತ್ಯರ್ಥವಾಗದ ವಿವಾದ. 2023ರ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ನ್ಯೂಜಿಲೆಂಡಿನ ಆರನ್ ಸ್ಮಿತ್ ಗಳಿಸಿದ ಟ್ರೈ ರದ್ದಾಯಿತು. ಅದಕ್ಕೂ ಮುಂಚೆ ಸಹ ಆಟಗಾರನ ಕೈಯಿಂದ ಚೆಂಡು ಮುಂದಕ್ಕೆ ಜಾರಿತ್ತೆಂಬುದು ದೃಶ್ಯಪರಿಶೀಲನೆಯಿಂದ ಹೊರಬಿದ್ದುದೇ ಇದಕ್ಕೆ ಕಾರಣ. ಚೆಂಡು ಜಾರಿದ್ದು ದಿಟ. ಆದರೆ ಅಷ್ಟು ಹಿಂದಕ್ಕೆ ಹೋಗಲು ನಿಯಮದಲ್ಲಿ ಅವಕಾಶವಿತ್ತೇ ಎಂಬ ಚರ್ಚೆ ಪಂದ್ಯದ ಬಳಿಕವೂ ನಡೆಯಿತು. ದಕ್ಷಿಣ ಆಫ್ರಿಕ 12–11ರಿಂದ, ಒಂದೇ ಅಂಕದ ಅಂತರದಲ್ಲಿ ಗೆದ್ದಿತು.

ದೂರದ ಮಾತೇಕೆ? 2019ರ ಜನವರಿಯಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕರ್ನಾಟಕಕ್ಕೂ ಸೌರಾಷ್ಟ್ರಕ್ಕೂ ನಡೆದ ರಣಜಿ ಉಪಾಂತ್ಯ ಪಂದ್ಯವನ್ನು ನಮ್ಮಲ್ಲಿ ಅನೇಕರು ಮರೆತಿಲ್ಲ. 279 ರನ್ನುಗಳ ಗುರಿ ಬೆನ್ನಟ್ಟಿದ ಸೌರಾಷ್ಟ್ರ 23 ರನ್ನಿಗೆ ಮೂರು ವಿಕೆಟ್ ಕಳೆದುಕೊಂಡಿತ್ತು. ಬಳಿಕ ಚೇತೇಶ್ವರ ಪೂಜಾರ 34 ರನ್ ಗಳಿಸಿದ್ದಾಗ ವಿನಯ್ ಕುಮಾರರ ಎಸೆತ ಬ್ಯಾಟಿನ ಅಂಚಿಗೆ ತಾಗಿ ಕೀಪರನ ಕೈಸೇರಿತೆಂದು ಇಡೀ ಮೈದಾನವೇ ಕೂಗಿತು. ಅಂಪೈರು ತಲೆಯಾಡಿಸಲಿಲ್ಲ, ಪೂಜಾರರೂ ಹೊರನಡೆಯಲಿಲ್ಲ. ಅವರು 131 ರನ್ ಗಳಿಸಿ ಅಜೇಯರಾಗಿ ಉಳಿದರು. ಐದು ವಿಕೆಟ್‌ಗಳಿಂದ ಕರ್ನಾಟಕ ಸೋತಿತು. ಪ್ರೇಕ್ಷಕರು ಆ ದೊಡ್ಡ ಆಟಗಾರನನ್ನು 'ಮೋಸಗಾರ' ಎಂದು ಕೂಗಿದ್ದು ಮಾತ್ರ ನಮ್ಮ ಊರಿಗೆ ಭೂಷಣವಲ್ಲ.

ಮುಂದಿನ ಋತುವಿನ ಉಪಾಂತ್ಯ ಪಂದ್ಯಗಳಿಗೆ ಕ್ರಿಕೆಟ್ ಮಂಡಳಿಯು ಪರಿಶೀಲನಾ ಪದ್ಧತಿಯನ್ನು ತಂದಿತು. ಆದರೆ ಚೆಂಡಿನ ಹಾದಿಯನ್ನು ಊಹಿಸುವ ಯಂತ್ರವಾಗಲಿ, ಅಂಚಿನ ಸದ್ದನ್ನು ಗ್ರಹಿಸುವ ಯಂತ್ರವಾಗಲಿ ಅದರಲ್ಲಿರಲಿಲ್ಲ. ಯಾವ ಸದ್ದಿನ ಸಲುವಾಗಿ ಜಗಳವಾಯಿತೋ ಆ ಸದ್ದನ್ನು ಕೇಳುವ ಕಿವಿಯೇ ಇಲ್ಲದ ಪರಿಶೀಲನೆ! ಅರ್ಧ ಯಂತ್ರದಿಂದ ಪೂರ್ಣ ನ್ಯಾಯವನ್ನು ನಿರೀಕ್ಷಿಸುವುದು ಸರಿಯಲ್ಲವೆಂಬುದನ್ನು ದಾನಿಗಳು ದಯವಿಟ್ಟು ಗಮನಿಸಬೇಕು. ಹಣವಂತ ಕ್ರಿಕೆಟ್ಟಿಗೇ ಒದಗದ ಪೂರ್ಣತೆ ಯಳಂದೂರು ಸೀಮೆಯ ಶಾಲೆಯೊಂದಕ್ಕೆ ಒದಗೀತೇ?

ಇನ್ನು ಕಬಡ್ಡಿಯದೇ ಉದಾಹರಣೆ. 2023ರ ಅಕ್ಟೋಬರ್ 7ರಂದು ಹಾಂಗ್‌ಝೌ ನಗರದಲ್ಲಿ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯ; ಭಾರತ ಮತ್ತು ಇರಾನ್ 28–28ರಲ್ಲಿ ಸಮನಾಗಿದ್ದವು. ಪವನ್ ಸೆಹ್ರಾವತ್ ದಾಳಿಗೆ ಹೋಗಿ ಯಾರನ್ನೂ ಮುಟ್ಟದೆಯೇ ಲಾಬಿಗೆ ಕಾಲಿಟ್ಟರು. ಅವರ ಬೆನ್ನಹಿಂದೆಯೇ ಇರಾನಿನ ರಕ್ಷಕರೂ ಲಾಬಿಗೆ ನುಗ್ಗಿದರು. ಯಾರ ಕಾಲು ಎಲ್ಲಿತ್ತೆಂಬ ವಿಷಯದಲ್ಲಿ ಕಿಂಚಿತ್ತೂ ಸಂಶಯವಿರಲಿಲ್ಲ, ದೃಶ್ಯ ನಿಚ್ಚಳವಾಗಿತ್ತು. ಹಳೆಯ ನಿಯಮದಂತೆ ಹಿಂಬಾಲಿಸಿದವರೂ ಔಟ್, ಹೊಸ ನಿಯಮದಂತೆ ದಾಳಿಗಾರನೊಬ್ಬನೇ ಔಟ್. ಇವುಗಳಲ್ಲಿ ಯಾವುದನ್ನು ಅನ್ವಯಿಸಬೇಕೆಂಬುದೇ ಅಧಿಕಾರಿಗಳಿಗೆ ಖಚಿತವಿರಲಿಲ್ಲ. ತೀರ್ಪು ಮತ್ತೆ ಮತ್ತೆ ಬದಲಾಯಿತು. ಆಟಗಾರರು ಅಂಕಣದಲ್ಲೇ ಕುಳಿತರು. ಸುಮಾರು ಒಂದು ಗಂಟೆ ಆಟ ನಿಂತಿತು. ಕೊನೆಗೆ ಭಾರತ 33–29ರಿಂದ ಗೆದ್ದಿತು. ಆ ಚಿನ್ನದ ಪದಕ ನಮ್ಮದೆಂಬ ಸಂತೋಷ ನನಗೂ ಇದೆ. ಆದರೆ ಆ ಒಂದು ಗಂಟೆಯನ್ನು ಕಳೆದದ್ದು ಕ್ಯಾಮೆರಾದ ಕೊರತೆಯಲ್ಲ.

ನಮ್ಮ ಬೆಟ್ಟದ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತಷ್ಟೆ. ಹುಲಿಗಳನ್ನು ಎಣಿಸಲು ಕಾಲುದಾರಿಯ ಇಕ್ಕೆಲಗಳಲ್ಲೂ ಎದುರುಬದುರಾಗಿ ಕ್ಯಾಮೆರಾಗಳನ್ನು ಕಟ್ಟುತ್ತಾರೆ. ಏಕೆಂದರೆ ಹುಲಿಯ ಎಡಮೈಯ ಪಟ್ಟೆ ಬಲಮೈಯ ಪಟ್ಟೆಯಂತಿರುವುದಿಲ್ಲ. ಒಂದೇ ಬದಿಯ ಚಿತ್ರದಿಂದ ಒಂದು ಹುಲಿಯನ್ನು ಎರಡೆಂದು ಎಣಿಸುವ ಅಪಾಯವಿದೆ. ಚಿತ್ರಗಳು ಕೈಸೇರಿದ ಮೇಲೂ ಪಟ್ಟೆಗಳನ್ನು ಹೋಲಿಸಿ ನೋಡುವ ಪಳಗಿದ ಕಣ್ಣು ಬೇಕೇಬೇಕು. ಆ ಎರಡು ಮೊಬೈಲುಗಳ ನಡುವೆ ನಿಂತಿದ್ದ ನನಗೆ ಈ ಸಂಗತಿ ಹೊಳೆಯದೆ ಹೋಯಿತು! ಓರೆಯಾಗಿ ಹಿಡಿದ ಚಿತ್ರದಲ್ಲಿ ಎತ್ತಿದ ಬೆರಳೂ ಗೆರೆಯ ಮೇಲೆಯೇ ಕಾಣುತ್ತದೆ. ಗೆರೆಯ ನೇರಕ್ಕೆ ನಿಂತು ತೆಗೆಯದ ಚಿತ್ರವನ್ನು ನಾನು ಸಾಕ್ಷಿಯೆಂದು ಅಂಗೀಕರಿಸಿದ್ದೇ ತಪ್ಪು.

ದಾನಿಗಳ ಔದಾರ್ಯಕ್ಕೆ ನಾನು ಅಡ್ಡಬರುತ್ತಿಲ್ಲ. ಕ್ಯಾಮೆರಾಗಳು ಬರಲಿ, ಪಂದ್ಯ ಮುಗಿದ ಮರುದಿನ ಮಕ್ಕಳಿಗೂ ತೀರ್ಪುಗಾರರಿಗೂ ಅವರವರ ತಪ್ಪುಗಳನ್ನು ತೋರಿಸಲು ಅವು ಅತ್ಯುತ್ತಮ ಸಾಧನ. ಆದರೆ ಪಂದ್ಯದ ನಡುವೆ ಅವುಗಳಿಂದ ತೀರ್ಪು ಬದಲಿಸುವ ಪದ್ಧತಿ ನಮ್ಮ ಶಾಲೆಗೆ ಬೇಡವೆಂಬುದು ನನ್ನ ದೃಢವಾದ ಅಭಿಪ್ರಾಯ. ಕಬಡ್ಡಿಯ ನಿಯಮದಂತೆ ಒಂದು ಪಂದ್ಯಕ್ಕೆ ಒಬ್ಬ ರೆಫರಿ, ಇಬ್ಬರು ಅಂಪೈರುಗಳು, ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರುಗಳು ಇರಬೇಕು. ಆ ದಿನ ಆರು ಜನರ ಕೆಲಸಕ್ಕೆ ಇದ್ದವರು ಇಬ್ಬರು. ಮಧ್ಯರೇಖೆಯ ನೇರಕ್ಕೆ ಯಾರೂ ಇರಲಿಲ್ಲ. ನಾನಿದ್ದದ್ದು ಮೂಲೆಯಲ್ಲಿ. ಸಂಕಲ್ಪಿಸಿದ ಹಣದ ಒಂದು ಪಾಲನ್ನು ತೀರ್ಪುಗಾರರ ತರಬೇತಿಗೂ, ಸುತ್ತಮುತ್ತಲಿನ ಶಾಲೆಗಳ ಶಿಕ್ಷಕರು ಬಂದುಹೋಗುವ ಖರ್ಚಿಗೂ, ಹೊಸ ನಿಯಮಪುಸ್ತಕಗಳಿಗೂ ಮೀಸಲಿಟ್ಟರೆ ಇಂಥ ಸಂಜೆ ಮತ್ತೊಮ್ಮೆ ಬರುವ ಸಂಭವ ಬಹಳ ಕಡಿಮೆ.

ಆ ಎದುರಾಳಿ ಶಾಲೆಯ ಶಿಕ್ಷಕರಿಗೆ ನಾನು ಪತ್ರ ಬರೆದು ಕ್ಷಮೆ ಕೇಳಿದ್ದೇನೆ. ಕೊನೆಯ ದಾಳಿ ಮಾಡಿದ ನಮ್ಮ ಹುಡುಗನನ್ನು ಮಾತ್ರ, ನಿನ್ನ ಬೆರಳು ಗೆರೆ ಮುಟ್ಟಿತ್ತೇನಪ್ಪ ಎಂದು ನಾನು ಕೇಳಿಲ್ಲ. ಅವನು ಈಗ ಪದವಿಪೂರ್ವ ತರಗತಿಯಲ್ಲಿದ್ದಾನೆ. ಈ ವರ್ಷ ಕಿರಿಯರ ಪಂದ್ಯಗಳಿಗೆ ಸಹಾಯಕ ಸ್ಕೋರರನಾಗಿ ಕುಳಿತುಕೊಳ್ಳಲು ಬರುವೆಯಾ ಎಂದು ವಿಚಾರಿಸಿದೆ. ಬರುತ್ತೇನೆ ಸಾರ್ ಎಂದಿದ್ದಾನೆ.