ದೊಡ್ಡವರು ಕುರಿ ಹಿಡೀಬೇಕು

ಮೊನ್ನೆ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಅಕ್ಕನ ಮಗನೂ ಬಂದಿದ್ದ, ಎಂಟು ವರ್ಷ. ಫೋನು ಕಿತ್ತಿಟ್ಟು ಹುಲಿ-ಕುರಿ ಆಟ ಕಲಿಸೋಣ ಅಂತ ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಹದಿನೈದು ಹುಣಸೆಬೀಜ ಅವನಿಗೆ, ಮೂರು ಅಡಿಕೆ ನನಗೆ. ಮೂರು ಆಟ ಆಡಿದೆವು, ಮೂರೂ ನಾನೇ ಗೆದ್ದೆ. "ಮಾಮ, ಕುರಿ ಅಂದ್ರೆ ಸೋಲೋದೇ ಅಲ್ವಾ?" ಅಂತ ಕೇಳಿ ಎದ್ದು ಹೋದ.

ಗೆದ್ದ ಖುಷಿಯೆಲ್ಲ ಜರ್ರನೆ ಇಳಿದುಹೋಯ್ತು. ಯೋಚಿಸಿದರೆ ತಪ್ಪು ನನ್ನದೇ. ಕಾಯಿ ಹೇಗೆ ನಡೆಸಬೇಕು ಅಂತ ಹೇಳಿಕೊಟ್ಟಿದ್ದೆ, ಕುರಿ ಹೇಗೆ ಆಡಬೇಕು ಅಂತ ಹೇಳಿಕೊಟ್ಟಿರಲಿಲ್ಲ. ನಾವು ದೊಡ್ಡವರು ಸಾಮಾನ್ಯವಾಗಿ ಮಾಡೋದೇ ಇದು: ಹುಲಿ ನಾವಿಟ್ಟುಕೊಂಡು ಕುರಿಗಳನ್ನ ಮಕ್ಕಳ ಕೈಗೆ ಕೊಡ್ತೀವಿ, ಆಮೇಲೆ "ಈಗಿನ ಮಕ್ಕಳಿಗೆ ನಮ್ಮ ಆಟ ಬೇಡ" ಅಂತ ಗೊಣಗ್ತೀವಿ.

ಗೊತ್ತಿಲ್ಲದವರಿಗೆ ಆಟ ಹೀಗೆ. ಮೇಲೊಂದು ತುದಿ. ಅಲ್ಲಿಂದ ಕೆಳಕ್ಕೆ ಬೀಸಣಿಗೆ ಹಾಗೆ ನಾಲ್ಕು ಗೆರೆ, ಅವುಗಳ ಬುಡ ಸೇರಿಸಿ ಒಂದು ಅಡ್ಡಗೆರೆ. ನಡುವೆ ಇನ್ನೂ ಮೂರು ಅಡ್ಡಗೆರೆ. ಈ ಮೂರು ಮಾತ್ರ ಎಡಕ್ಕೂ ಬಲಕ್ಕೂ ಆಚೆ ಚಾಚಿರಬೇಕು, ಆ ತುದಿಗಳನ್ನ ಎರಡೂ ಕಡೆ ಉದ್ದಗೆರೆಯಿಂದ ಸೇರಿಸಬೇಕು. ಗೆರೆ ಕೂಡುವ ಜಾಗವೇ ಮನೆ, ಒಟ್ಟು 23 ಮನೆ. ಒಂದು ಹುಲಿ ತುದಿಯಲ್ಲಿ, ಎರಡು ಅದರ ಕೆಳಗಿನ ಸಾಲಿನ ನಡುವೆ. ಕುರಿಯವನು ಒಂದೊಂದೇ ಕುರಿ ಇಡ್ತಾ ಹೋಗ್ತಾನೆ, ಪ್ರತಿಸಲಕ್ಕೂ ಹುಲಿಯವನು ಒಂದು ಹುಲಿ ನಡೆಸ್ತಾನೆ. ಪಕ್ಕದ ಕುರಿಯ ಆಚೆ ಅದೇ ಗೆರೆಯಲ್ಲಿ ಮನೆ ಖಾಲಿ ಇದ್ದರೆ ಹುಲಿ ಹಾರಿ ಕುರಿ ತಿನ್ನುತ್ತೆ. ಹದಿನೈದೂ ಇಟ್ಟು ಮುಗಿಯುವವರೆಗೆ ಕುರಿ ನಡೆಸುವಂತಿಲ್ಲ. ಮೂರೂ ಹುಲಿ ಕದಲದಂತೆ ಕಟ್ಟಿದರೆ ಕುರಿಗೆ ಗೆಲುವು. ನಮ್ಮನೆ ಲೆಕ್ಕದಲ್ಲಿ ಆರು ಕುರಿ ಹೋದರೆ ಹುಲಿಗೆ.

ಈಗ ಕುರಿಯ ಗುಟ್ಟು. ಹಾರೋಕೆ ಆಚೆ ಖಾಲಿ ಮನೆ ಬೇಕು ತಾನೆ? ಗೆರೆಗಳೆಲ್ಲ ಮುಗಿಯುವ ಮೂಲೆಯಲ್ಲಿ 'ಆಚೆ' ಅನ್ನೋದೇ ಇಲ್ಲ. ಎಡಬಲದ ಉದ್ದಗೆರೆಗಳ ನಾಲ್ಕು ತುದಿ, ಬುಡದ ಗೆರೆಯ ಎರಡು ತುದಿ, ಈ ಆರು ಮನೆಯ ಕುರಿಯನ್ನ ಯಾವ ಹುಲಿಯೂ ಮುಟ್ಟಲಾರದು. ಮೊದಲು ಅವನ್ನ ತುಂಬಿ. ಆಮೇಲೆ ಉದ್ದಗೆರೆಗಳ ನಡುವಿನ ಎರಡು ಮನೆ, ಬುಡದ ನಡುವಿನ ಎರಡು ಮನೆ. ಅಕ್ಕಪಕ್ಕ ತುಂಬಿರೋದರಿಂದ ಇವೂ ಭದ್ರ. ಹತ್ತು ಕುರಿ, ಒಂದೂ ನಷ್ಟವಿಲ್ಲ! ಹುಲಿ ಆಡುವವನು ದಡ್ಡನಲ್ಲದಿದ್ದರೆ ಮೊದಲೇ ಬಂದು ಈ ಮನೆಗಳಲ್ಲಿ ಕೂರ್ತಾನೆ ಅನ್ನೋದು ಬೇರೆ ಮಾತು :)

ನಿಜವಾದ ಕಷ್ಟ ಶುರುವಾಗೋದು ಕುರಿ ನಡೆಸುವಾಗ. ಮುಂದಕ್ಕೆ ಹೆಜ್ಜೆ ಇಟ್ಟ ಕುರಿಯ ಬೆನ್ನ ಹಿಂದೆ ಅದು ಬಿಟ್ಟುಬಂದ ಮನೆಯೇ ಖಾಲಿ. ಎದುರಿಗೆ ಹುಲಿ ಇದ್ದರೆ ಅಲ್ಲಿಗೇ ಹಾರುತ್ತೆ. ಹುಲಿಗೆ ದಾರಿ ಮಾಡಿಕೊಡೋದು ಕುರಿಯ ಅವಸರವೇ.

ನನಗೆ ಆಟ ಕಲಿಸಿದ್ದು ಅಜ್ಜಿ. ಆಕೆ ಯಾವತ್ತೂ ಹುಲಿ ಹಿಡಿದಿದ್ದು ನೆನಪಿಲ್ಲ. ಮೂರೂ ಹುಲಿ ನನಗೆ ಕೊಟ್ಟು, ಹೂ ಕಟ್ಟುತ್ತಲೇ ಒಂದೊಂದೇ ಬೀಜ ಇಟ್ಟು ನನ್ನ ಹುಲಿಗಳನ್ನ ಕಟ್ಟಿಹಾಕ್ತಿದ್ದಳು. "ಹುಲಿಗೆ ಹಸಿವು ಜಾಸ್ತಿ ಕಣೋ, ಕುರಿಗೆ ಪುರುಸೊತ್ತು ಜಾಸ್ತಿ" ಅನ್ನೋಳು. ಕುರಿ ಗೆಲ್ಲಬಹುದು ಅನ್ನೋದನ್ನ ನಾನು ಕಲಿತದ್ದು ಸೋತು ಸೋತು, ಆದರೆ ಹುಲಿಯಾಗಿ ಸೋತು. ಅಕ್ಕನ ಮಗನಿಗೆ ನಾನು ಕಲಿಸಿದ್ದು ಪೂರ್ತಿ ಉಲ್ಟಾ.

ಅಜ್ಜಿ ಮಾತು ಸಾಲದು, ಲೆಕ್ಕ ತೋರಿಸಿ ಅನ್ನುವ ನನ್ನಂಥ ಎಂಜಿನಿಯರುಗಳಿಗೆ ಇನ್ನೊಂದು ವಿಷಯ. ತಮಿಳರ ಆಡು ಪುಲಿ ಆಟ್ಟಂ, ತೆಲುಗರ ಪುಲಿ-ಮೇಕ ಎಲ್ಲ ಇದೇ ಕುಟುಂಬ. ನೇಪಾಳದ ಬಾಘ್ ಚಾಲ್ ಇವಕ್ಕೆ ದಾಯಾದಿ: 25 ಮನೆ, 4 ಹುಲಿ, 20 ಕುರಿ. ಲಿಮ್ ಯೂ ಜಿನ್ ಮತ್ತು ಯುರ್ಗ್ ನೀವರ್ಗೆಲ್ಟ್ ಎಂಬಿಬ್ಬರು ಅದನ್ನ ಕಂಪ್ಯೂಟರಿಗೆ ಹಾಕಿ ಜಾಲಾಡಿದರು. ಇಬ್ಬರೂ ತಪ್ಪು ಮಾಡದೆ ಆಡಿದರೆ ಆಟ ಸಮ ಅನ್ನೋದು 2009ರಲ್ಲಿ ಅಚ್ಚಾದ ಅವರ ಪ್ರಬಂಧದ ತೀರ್ಮಾನ. ನಮ್ಮ ಮೂರು ಹುಲಿಯ ಆಟದ ಲೆಕ್ಕ ಬೇರೆ, ಒಪ್ಪಿದೆ. ಆದರೂ ಕುರಿ ಅಂದರೆ ಬಲಿ ಅಂತ ಮೊದಲೇ ತೀರ್ಪು ಕೊಡೋರು ಸ್ವಲ್ಪ ಯೋಚಿಸಲಿ.

ಹಾಗಾಗಿ ನನ್ನ ವಾದ ಇಷ್ಟೇ. ಮಗುವಿಗೆ ಈ ಆಟ ಕಲಿಸುವಾಗ ಮೊದಲ ಕೆಲವು ಆಟ ದೊಡ್ಡವರೇ ಕುರಿ ಹಿಡೀಬೇಕು, ಹಿಡಿದು ಗೆಲ್ಲಬೇಕು. ಗೆಲ್ಲೋಕೆ ಬರದಿದ್ದರೆ ಮೊದಲು ನಾವು ಕಲೀಬೇಕು. ಹುಲಿ ಹಿಡಿದು ಎಂಟು ವರ್ಷದವನ ಮೇಲೆ ಗೆಲ್ಲೋದು ದೊಡ್ಡ ವಿಷಯವೇನಲ್ಲ.

ಮಾರನೇ ದಿನ ಅವನನ್ನ ಪುಸಲಾಯಿಸಿ ಕೂರಿಸಿ ಹುಲಿ ಕೊಟ್ಟೆ. ನಾಲ್ಕು ಕುರಿ ಕಳಕೊಂಡು ಹೇಗೋ ಅವನ ಹುಲಿಗಳನ್ನ ಕಟ್ಟಿದೆ. ಒಂದು ನಿಮಿಷ ಗೆರೆಗಳನ್ನೇ ನೋಡಿದವನು "ಈಗ ಕುರಿ ನಂಗೆ" ಅಂದ. ನಾನು ಬೆಂಗಳೂರಿಗೆ ಹೊರಡುವವರೆಗೂ ಒಂದು ಆಟವೂ ಗೆಲ್ಲಲಿಲ್ಲ, ಆದರೆ ಎದ್ದೂ ಹೋಗಲಿಲ್ಲ. ಕೊನೇ ಆಟದಲ್ಲಿ ನನ್ನ ಎರಡು ಹುಲಿ ಕಟ್ಟಿದ್ದ.

ನಿಮ್ಮೂರಲ್ಲಿ ಎಷ್ಟು ಕುರಿ ಹೋದರೆ ಸೋಲು? ನಿಮ್ಮನೇಲಿ ಹುಲಿ ಹಿಡೀತಿದ್ದವರು ಯಾರು? ನೆನಪಿದ್ದರೆ ಬರೀರಿ.