ಎತ್ತಿಗೆ ಜ್ವರ, ಬ್ಯಾಟರಿಗೆ ಬರೆ

ಚಳಿಗಾಲ ಕಾಲಿಡುತ್ತಿದ್ದಂತೆ ನಮ್ಮ ಸಂಘದ ಸದಸ್ಯರ ನಡುವೆ ಒಂದು ಮಾತು ವರ್ಷವೂ ತಪ್ಪದೆ ಕೇಳಿಬರುತ್ತದೆ: “ಬೆಳಿಗ್ಗೆ ಕಾರು ಸ್ಟಾರ್ಟೇ ಆಗಲಿಲ್ಲ, ಹೊಸ ಬ್ಯಾಟರಿ ಹಾಕಿಸಿಬಿಟ್ಟೆ.” ಎರಡು ತಿಂಗಳು ಕಳೆಯುವುದರೊಳಗೆ ಅದೇ ಮಹನೀಯರು ಜಂಪರ್ ಕೇಬಲ್ ಹಿಡಿದು ನೆರೆಮನೆಯ ಬಾಗಿಲು ತಟ್ಟುತ್ತಿರುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಹಳೆಯ ಕಾರುಗಳ ವಿಷಯದಲ್ಲಿ ನಡೆಯುತ್ತಿರುವುದೂ ಇದೇ. ಅಳೆದು ನೋಡದೆ ಬ್ಯಾಟರಿ ಬದಲಾಯಿಸಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಈ ಕೆನಡಾ ದೇಶದಲ್ಲಿ ಇದು ಬರೀ ಹಣದ ಮಾತಲ್ಲ. ಹೊಸದಾಗಿ ಬಂದ ವಿದ್ಯಾರ್ಥಿಗಳು, ರಾತ್ರಿಪಾಳಿಯಲ್ಲಿ ದುಡಿಯುವ ನರ್ಸುಗಳು ಕೊಳ್ಳುವುದು ಹೆಚ್ಚಾಗಿ ಹದಿನೈದು, ಇಪ್ಪತ್ತು ವರ್ಷದ ಸೆಕೆಂಡ್ ಹ್ಯಾಂಡ್ ಕಾರು. ಊರಿನಲ್ಲಾದರೆ ನಾಲ್ಕು ಜನ ಸೇರಿ ತಳ್ಳಿ ಸ್ಟಾರ್ಟ್ ಮಾಡಿಸುತ್ತಾರೆ. ಇಲ್ಲಿಯ ಕಾರುಗಳು ಬಹುಪಾಲು ಆಟೊಮ್ಯಾಟಿಕ್, ತಳ್ಳಿ ಪ್ರಯೋಜನವಿಲ್ಲ. ನಡುರಾತ್ರಿ, ಮೈನಸ್ 25 ಡಿಗ್ರಿಯಲ್ಲಿ, ಖಾಲಿ ಪಾರ್ಕಿಂಗ್ ಜಾಗದಲ್ಲಿ ಒಬ್ಬರೇ ಸಿಕ್ಕಿಬೀಳುವುದೆಂದರೆ ಪ್ರಾಣಾಪಾಯ.

ರಸಾಯನಶಾಸ್ತ್ರವೇ ನಮ್ಮ ಕಸುಬಾದ್ದರಿಂದ ಆ ಬಗ್ಗೆ ಎರಡು ಮಾತು. ಈ ಕಾರುಗಳಲ್ಲಿರುವುದು 1859ರಲ್ಲಿ ಫ್ರಾನ್ಸಿನ ಗಾಸ್ತೋ ಪ್ಲಾಂಟೆ ರೂಪಿಸಿದ ಸೀಸ ಮತ್ತು ಆಮ್ಲದ ಬ್ಯಾಟರಿಯ ವಂಶವೇ. ವಿದ್ಯುತ್ತು ಖರ್ಚಾದಂತೆಲ್ಲ ಒಳಗಿನ ಗಂಧಕಾಮ್ಲ ತೆಳುವಾಗುತ್ತ ಬಂದು ದ್ರವ ನೀರಿನಂತಾಗುತ್ತದೆ. ತುಂಬಿದ ಬ್ಯಾಟರಿ ಮೈನಸ್ 50ರಲ್ಲೂ ಹೆಪ್ಪುಗಟ್ಟುವುದಿಲ್ಲ. ಪೂರ್ತಿ ಬರಿದಾದದ್ದು ಮೈನಸ್ 10ರ ಸುಮಾರಿಗೇ ಹೆಪ್ಪುಗಟ್ಟಿ ಒಡೆಯಬಹುದು. ಬಹಳ ದಿನ ಬರಿದಾಗಿಯೇ ಇದ್ದರೆ ಫಲಕಗಳ ಮೇಲಿನ ಸೀಸದ ಸಲ್ಫೇಟು ಗಟ್ಟಿ ಹರಳಾಗಿ, ಚಾರ್ಜಿಗೆ ಬಗ್ಗುವುದಿಲ್ಲ. ಆದ್ದರಿಂದ ಸೋರುವ ಕಾರಿಗೆ ಹಾಕಿದ ಹೊಸ ಬ್ಯಾಟರಿಯೂ ಬೇಗ ಹಾಳಾಗುತ್ತದೆ. ನಲ್ಲಿ ಸೋರುತ್ತಿರುವಾಗ ಟ್ಯಾಂಕು ಬದಲಾಯಿಸಿದ ಹಾಗೆ.

ಕಾರು ನಿಂತಿದ್ದರೂ ಗಡಿಯಾರ, ರೇಡಿಯೊ ಮುಂತಾದವಕ್ಕೆ ಕಿಂಚಿತ್ ವಿದ್ಯುತ್ತು ಬೇಕು. 50 ಮಿಲಿಆಂಪಿಯರ್ ತನಕ ಚಿಂತೆಯಿಲ್ಲ. 60 ಆಂಪಿಯರ್-ಗಂಟೆಯ ಬ್ಯಾಟರಿ ಅರ್ಧ ಖಾಲಿಯಾಗಲು ಆಗ 25 ದಿನ ಬೇಕು. ಆದರೆ ಡಿಕ್ಕಿಯ 5 ವಾಟಿನ ಪುಟ್ಟ ದೀಪ ಬಾಗಿಲು ಹಾಕಿದ ಮೇಲೂ ಉರಿಯುತ್ತಿದ್ದರೆ? ಅದು ಎಳೆಯುವುದು ಸುಮಾರು 400 ಮಿಲಿಆಂಪಿಯರ್. ಮೂರೇ ದಿನಕ್ಕೆ ಅರ್ಧ ಬ್ಯಾಟರಿ ಖಾಲಿ!

ಪತ್ತೆಯ ಕ್ರಮ ಕಷ್ಟದ್ದೇನಲ್ಲ. ಮೊದಲು ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ. (ಹೆಪ್ಪುಗಟ್ಟಿದ್ದರೆ ಮಾತ್ರ ಕೂಡದು, ಸಿಡಿಯಬಹುದು.) ಕೀಲಿ ತೆಗೆದು ಬಾಗಿಲುಗಳನ್ನು ಮುಚ್ಚಿ. ಫ್ಯೂಸಿನ ಪೆಟ್ಟಿಗೆ ಕಾರಿನೊಳಗಿದ್ದರೆ ಆ ಬಾಗಿಲನ್ನು ತೆರೆದಿಟ್ಟು, ಅದರ ದೀಪದ ಸ್ವಿಚ್ಚನ್ನು ಒತ್ತಿ ಕಟ್ಟಿ. ನೆಗೆಟಿವ್ ಕೇಬಲನ್ನು ಕಳಚಿ, ಕೇಬಲಿಗೂ ಬ್ಯಾಟರಿಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರಿನ ಸ್ಥಾನದಲ್ಲಿ ಜೋಡಿಸಿ. ಮೀಟರು ಹೀಗಿರುವಾಗ ಕಾರನ್ನು ಸ್ಟಾರ್ಟ್ ಮಾಡಲೇಬಾರದು. ಎಲೆಕ್ಟ್ರಾನಿಕ್ ಭಾಗಗಳು ನಿದ್ದೆಹೋಗಲು ಅರ್ಧ ಗಂಟೆ ಕಾಯಬೇಕು. ಅವಸರದವರು ಎಡವುವುದು ಇಲ್ಲಿಯೇ. ಆಮೇಲೂ ಅಂಕಿ ಹೆಚ್ಚಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ಅಂಕಿ ತಟಕ್ಕನೆ ಇಳಿಯುತ್ತದೆಯೋ ಕಳ್ಳ ಆ ಓಣಿಯಲ್ಲಿದ್ದಾನೆ. ಯಾವುದಕ್ಕೂ ಇಳಿಯದಿದ್ದರೆ ಆಲ್ಟರ್ನೇಟರಿನ ಡಯೋಡುಗಳ ಮೇಲೆ ಅನುಮಾನಪಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ಪ್ರಯೋಗಶಾಲೆಯ ಮೊದಲ ಪಾಠ ಕಾರಿಗೂ ಸಲ್ಲುತ್ತದೆ.

“ಇದಕ್ಕೆಲ್ಲ ಪುರುಸೊತ್ತೆಲ್ಲಿ? ಗ್ಯಾರೇಜಿಗೆ ಬಿಟ್ಟರಾಯಿತು” ಎನ್ನುವವರಿದ್ದಾರೆ. ಧಾರಾಳವಾಗಿ ಬಿಡಲಿ. ಆದರೆ “ಬ್ಯಾಟರಿ ಹಾಕಿಕೊಡಿ” ಎಂದು ಬಿಡುವುದಕ್ಕೂ “ಇಂಥ ಫ್ಯೂಸಿನ ಕಡೆ ಇಷ್ಟು ಸೋರುತ್ತಿದೆ” ಎಂದು ಬಿಡುವುದಕ್ಕೂ ಅಜಗಜಾಂತರ. ಹುಡುಕಾಟಕ್ಕೆ ಅಲ್ಲಿ ಕೂಲಿ ಗಂಟೆಯ ಲೆಕ್ಕದಲ್ಲಿ ಎಂಬುದನ್ನು ಮರೆಯಬಾರದು. ಬ್ಯಾಟರಿಗೇ ವಯಸ್ಸಾಗಿರುವುದೂ ಉಂಟು. ಸೋರಿಕೆಯಿಲ್ಲವೆಂದು ಖಚಿತವಾದ ಮೇಲೆ, ಬ್ಯಾಟರಿಯನ್ನೂ ಪರೀಕ್ಷಿಸಿ, ಬದಲಾಯಿಸುವುದೇ ಸರಿ.

ಸಂಘದ ಕಾರ್ಯಕಾರಿ ಸಮಿತಿಗೆ ನಮ್ಮದೊಂದು ಸಲಹೆ. ರಾಜ್ಯೋತ್ಸವದ ಬಾವುಟ, ದೀಪಗಳನ್ನಿಡುವ ಪೆಟ್ಟಿಗೆಯಲ್ಲಿ ಒಂದು ಮಲ್ಟಿಮೀಟರು, ಒಂದು ಚಾರ್ಜರು ಕೂಡ ಇರಲಿ; ಕೇಳಿದ ಸದಸ್ಯರಿಗೆ ಎರವಲು ಸಿಗಲಿ. ನವೆಂಬರಿನ ಒಂದು ಭಾನುವಾರ, ಮೀಟರು ಹಿಡಿಯಲು ಬಲ್ಲವರು ಹೊಸಬರ ಕಾರುಗಳನ್ನು ಒಮ್ಮೆ ಪರೀಕ್ಷಿಸಿಕೊಡಲಿ. ಹಳೆಯ ಕಾರಿರುವ ಸದಸ್ಯರು ಆ ದಿನ ಸಂಕೋಚಪಡದೆ ಬರಬೇಕೆಂದು ನಮ್ಮ ವಿನಂತಿ.